ಸೆಕೆಂಡಿಗೆ ನೂರು ಸಲ

ಟಿವಿ ಬೇಕು ಎಂದವನು ನಾನಲ್ಲ. ಹಳೆಯದು ಕೆಟ್ಟು ಎರಡು ವರ್ಷದಿಂದ ಮೂಲೆಯಲ್ಲಿ ಕೂತಿತ್ತು, ನನಗೇನೂ ತೊಂದರೆ ಇರಲಿಲ್ಲ. ಬೇಕು ಎಂದು ಹಟ ಹಿಡಿದವಳು ನನ್ನ ಹೆಂಡತಿ ವನಜಾ. ಯಾಕೆ ಎಂದು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ಕೇಳಿ ಮೈಯೆಲ್ಲ ಉರಿದುಹೋಯಿತು.

"ಮನೇಲಿ ಕೂತ್ಕೊಂಡು ಬೆಳಗಿಂದ ಸಂಜೆ ತನಕ ಆ ಫೋನ್ ಉಜ್ತಾ ಇರ್ತೀರಲ್ಲ, ಅದಕ್ಕೇ. ಆ ದರಿದ್ರ ಫೋನಿಂದ ಎರಡು ಬೆರಳು ಹೋಯ್ತು. ಇನ್ನೂ ಬುದ್ಧಿ ಬರ್ಲಿಲ್ವಾ ನಿಮ್ಗೆ?"

ಎರಡು ಬೆರಳು ಹೋದದ್ದು ನಿಜ. ಬಲಗೈಯ ತೋರುಬೆರಳು, ನಡುಬೆರಳು. ಫೋನಿನಿಂದ ಹೋದವು ಎನ್ನುವುದು ಸುಳ್ಳು. ಆ ಸುಳ್ಳನ್ನು ಬರೆದವನು ನಮ್ಮ ಶೆಡ್ಡಿನ ಸೂಪರ್‌ವೈಸರ್ ಶಿವರಾಜ್. ನಾಲ್ಕು ತಿಂಗಳಿಂದ ಪೀಣ್ಯದ ಎರಡನೇ ಹಂತದಲ್ಲಿ ಎಲ್ಲರೂ ಅದನ್ನೇ ನಂಬಿಕೊಂಡಿದ್ದಾರೆ. ಹೊರಗಿನವರು ನಂಬಲಿ, ಅವರಿಗೇನು. ಇವಳು, ಹತ್ತೊಂಬತ್ತು ವರ್ಷ ನನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡವಳು, ಇವಳೂ ನಂಬಿದಳಲ್ಲ!

ನಾನು ಮುನೀಂದ್ರ. ಟರ್ನರ್. ಇಪ್ಪತ್ತೆರಡು ವರ್ಷ ಲೇತ್ ಮೆಷಿನ್ ಮುಂದೆ ನಿಂತವನು. ಲೇತ್ ಎಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ: ತಿರುಗುವ ಒಂದು ದಪ್ಪ ಕಬ್ಬಿಣದ ಚಕ್ಕು ಇರುತ್ತದೆ, ಅದು ಲೋಹದ ತುಂಡನ್ನು ಕಚ್ಚಿ ಹಿಡಿದು ಗರಗರ ತಿರುಗಿಸುತ್ತದೆ, ನಾವು ಉಳಿ ಕೊಟ್ಟು ಅದನ್ನು ಅಳತೆಗೆ ತರುತ್ತೇವೆ. ನನ್ನ ಮೆಷಿನ್ನಿನ ಚಕ್ಕಿಗೆ ಕಚ್ಚುವ ದವಡೆ ನಾಲ್ಕು. ಅದು ತಿರುಗುವಾಗ ದವಡೆಗಳು ಕಾಣುವುದಿಲ್ಲ, ಬರೀ ಬೂದು ಬಣ್ಣದ ಒಂದು ಮಬ್ಬು ಕಾಣುತ್ತದೆ. ಮಬ್ಬು ಕಂಡರೆ ಕೈ ದೂರ, ದವಡೆ ಕಂಡರೆ ಮೆಷಿನ್ ನಿಂತಿದೆ ಎಂದು ಅರ್ಥ. ಕೆಲಸಕ್ಕೆ ಸೇರಿದ ಮೊದಲ ದಿನ ಕಲಿಯುವ ಪಾಠ ಇದು.

ಆಷಾಢದ ಆ ಮಧ್ಯಾಹ್ನ ಮಳೆ ರಾಚುತ್ತಿತ್ತು. ನೀರು ಒಳಗೆ ಹೊಡೆಯುತ್ತದೆ ಎಂದು ಶಟರ್ ಪೂರ್ತಿ ಇಳಿಸಿ, ಟ್ಯೂಬ್ ಲೈಟ್ ಹಾಕಿಕೊಂಡು ಕೆಲಸ ಮಾಡುತ್ತಿದ್ದೆವು. ಕರೆಂಟ್ ಒಂದು ಸಲ ಕಣ್ಣು ಮಿಟುಕಿಸಿ ಬಂತು. ಅಕ್ಕಪಕ್ಕದ ಹಳೇ ಮೆಷಿನ್ ಎರಡೂ ಗಕ್ಕನೆ ನಿಂತವು. ನನ್ನದನ್ನು ನೋಡಿದೆ. ನಾಲ್ಕು ದವಡೆಯೂ ಕಂಡವು. ನಿಂತಿತ್ತು. ಇದೂ ನಿಂತಿತಲ್ಲ, ಉಳಿಯಿಂದ ಎದ್ದು ಚಕ್ಕಿಗೆ ಸುತ್ತಿಕೊಂಡ ಅಲ್ಯುಮಿನಿಯಂ ಸುರುಳಿಯನ್ನು ಈಗಲೇ ತೆಗೆದುಬಿಡೋಣ ಎಂದು ಕೈ ಹಾಕಿದೆ.

ಆಮೇಲಿನದು ಹೇಳುವುದಿಲ್ಲ. ನನ್ನ ಫೋನು ಆ ಹೊತ್ತಿನಲ್ಲಿ ಗೋಡೆಯ ಮೊಳೆಗೆ ನೇತುಹಾಕಿದ್ದ ಬುತ್ತಿ ಚೀಲದಲ್ಲಿತ್ತು. ಆಸ್ಪತ್ರೆಯಲ್ಲಿ ಎಷ್ಟು ಸಲ ಹೇಳಿದೆನೋ: "ಸಾರ್, ಚಕ್ ನಿಂತಿತ್ತು ಸಾರ್. ನಾನು ಕಣ್ಣಾರೆ ನೋಡ್ದೆ." ಶಿವರಾಜ್ ನಕ್ಕ. "ನಿಂತಿರೋ ಚಕ್ಕು ಬೆರಳು ತಿಂತಾ? ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಳಂತೆ. ಮೊಬೈಲ್ ನೋಡ್ತಾ ಇದ್ದೆ ಅಂತ ಒಪ್ಕೊ ಮಾರಾಯ, ಎಲ್ರೂ ನೋಡ್ತಾರೆ." ಔಷಧಿಯ ಮಂಪರಿನಲ್ಲಿದ್ದವನ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡ. ಟರ್ನರ್ ಮುನೀಂದ್ರ, ಕೆಲಸದ ವೇಳೆ ಮೊಬೈಲ್ ನೋಡುತ್ತ ಅಜಾಗರೂಕತೆಯಿಂದ ಕೈ ಹಾಕಿದ್ದರಿಂದ ಎಂದು ಬರೆದುಕೊಂಡು ಹೋದ. ಗಾಯ ಮಾಗಿದ ಮೇಲೆ ಬೇರೆ ಮೂರು ಶೆಡ್ಡಿಗೆ ಹೋಗಿ ಕೆಲಸ ಕೇಳಿದೆ. ಮೂರೂ ಕಡೆ ಒಂದೇ ಮಾತು: "ಓ, ಆ ಮೊಬೈಲ್ ಟರ್ನರ್ರಾ?" ನಮ್ಮ ಶೆಡ್ಡಿನ ಆಯುಧ ಪೂಜೆಗೆ ಪಕ್ಕದ ಬೀದಿಯ ಹೂವಿನವಳನ್ನೂ ಕರೆದರು, ನನ್ನನ್ನು ಕರೆಯಲಿಲ್ಲ.

ಒಂದು ದಿನ ನನಗೇ ಅನುಮಾನ ಬಂತು. ಕಣ್ಣು ಕೆಟ್ಟಿದೆಯೇನೋ ಎಂದು ಡಾಕ್ಟರ ಹತ್ತಿರ ಹೋದೆ. ಓದುವುದಕ್ಕೆ ಕನ್ನಡಕ ಬೇಕು, ಇನ್ನೇನೂ ತೊಂದರೆ ಇಲ್ಲ ಎಂದರು. ಹಾಗಾದರೆ ತಲೆ ಕೆಟ್ಟಿರಬೇಕು ಎಂದುಕೊಂಡು ಮನೆಗೆ ಬಂದೆ.

ಹೀಗಿರುವಾಗ ಕಾರ್ತಿಕದ ಒಂದು ಭಾನುವಾರ, ತಾನು ಕೆಲಸಕ್ಕೆ ಹೋಗುವ ಗಾರ್ಮೆಂಟ್ಸಿಗೆ ರಜೆ ಇದ್ದ ದಿನ, ವನಜಾ ನನ್ನನ್ನು ಟಿ. ದಾಸರಹಳ್ಳಿಯ ಮೇನ್ ರೋಡಿನ ಟಿವಿ ಅಂಗಡಿಗೆ ಎಳೆದುಕೊಂಡು ಹೋದಳು. ಗೋಡೆ ತುಂಬ ಟಿವಿ. ಎಲ್ಲದರಲ್ಲೂ ಒಂದೇ ಕಾರು, ಒಂದೇ ರಸ್ತೆ. ನಂದೀಶ್ ಎಂದು ಎದೆಯ ಮೇಲೆ ಹೆಸರು ಹಚ್ಚಿಕೊಂಡ ಸೇಲ್ಸ್‌ನವನು ಓಡಿಬಂದ.

"ಬನ್ನಿ ಸಾರ್, ಬನ್ನಿ ಮೇಡಂ. ಇದು ನೋಡಿ, ಇವತ್ತೊಂದಿನ ಆಫರ್. ಮೋಷನ್ ಇನ್ನೂರ ನಲವತ್ತು. ಸಕ್ಕತ್ ಸ್ಮೂತ್ ಸಾರ್."

"ಯಾವ್ದು ಇನ್ನೂರ ನಲವತ್ತು?" ಎಂದೆ.

"ಮೋಷನ್ ಸಾರ್."

"ಅದು ಏನಪ್ಪ? ಇಂಚಾ? ಮಿಲಿಮೀಟರಾ? ಕಿಲೋನಾ?"

ವನಜಾ ಮೊಣಕೈಯಲ್ಲಿ ತಿವಿದಳು. ತಿವಿಯಲಿ. ನಾನು ಅಳತೆಯಲ್ಲಿ ಬದುಕಿದವನು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ನಮ್ಮ ಮಾಲು ವಾಪಸ್ಸು ಬರುತ್ತದೆ. ಯಾವುದರ ಲೆಕ್ಕ ಎಂದು ಹೇಳದೆ ಬರೀ ಸಂಖ್ಯೆ ಹೇಳುವವನನ್ನು ಕಂಡರೆ ನನಗೆ ಆಗುವುದಿಲ್ಲ. ಅದೂ ಅಲ್ಲದೆ ಆ ಕಾಲಕ್ಕೆ ಯಾರನ್ನು ಕಂಡರೂ ನನಗೆ ಆಗುತ್ತಿರಲಿಲ್ಲ.

"ನೋಡು ತಮ್ಮಾ, ಕಿವಿ ಮೇಲೆ ಹೂ ಇಡ್ಬೇಡ. ಆ ಪಕ್ಕದ್ದಕ್ಕೆ ನೂರ ಇಪ್ಪತ್ತು ಅಂತ ಬರ್ದಿದೆ, ರೇಟ್ ಜಾಸ್ತಿ. ಇದಕ್ಕೆ ಇನ್ನೂರ ನಲವತ್ತು ಅಂತೀಯ, ರೇಟ್ ಕಮ್ಮಿ. ಡಬಲ್ ಇರೋದು ಹೆಂಗೆ ಅಗ್ಗ ಆಗತ್ತೆ? ನಿಜ ಹೇಳು, ಇಲ್ಲಾಂದ್ರೆ ನಿನ್ ಓನರ್‌ನ ಕರಿ."

ಹುಡುಗ ಹಿಂದೆ ಮುಂದೆ ನೋಡಿದ. ಪಾಪ, ಮೂವತ್ತರ ಒಳಗಿನವನು. ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಓದಿ ಇಲ್ಲಿ ಪೆಟ್ಟಿಗೆ ಮಾರುತ್ತಿದ್ದನಂತೆ. ದನಿ ತಗ್ಗಿಸಿ ಹೇಳಿದ.

"ಸಾರ್, ಕೂಗ್ಬೇಡಿ. ಈ ಇನ್ನೂರ ನಲವತ್ತು ಅನ್ನೋದು ಕಂಪನಿಯವ್ರು ಇಟ್ಕೊಂಡಿರೋ ಹೆಸ್ರು ಅಷ್ಟೆ. ಒಳಗಿನ ಪ್ಯಾನೆಲ್ ಅರವತ್ತೇ. ಪಕ್ಕದ್ದು ನಿಜವಾದ ನೂರ ಇಪ್ಪತ್ತು. ರಿಫ್ರೆಶ್ ರೇಟ್ ಅಂತಾರೆ. ಸ್ಟಿಕ್ಕರ್ ನೋಡ್ಬಾರ್ದು, ಪ್ಯಾನೆಲ್ ಎಷ್ಟು ಅಂತ ಕೇಳ್ಬೇಕು."

"ಅರವತ್ತು ಏನು?"

"ಅರವತ್ತು ಸಲ, ಸಾರ್. ಸೆಕೆಂಡಿಗೆ. ಟಿವಿ ಒಳಗೆ ಯಾವ್ದೂ ಓಡಲ್ಲ. ಬರೀ ಫೋಟೋ. ಒಂದು ಫೋಟೋ ತೋರ್ಸತ್ತೆ, ಅದನ್ನ ಅಳ್ಸಿ ಇನ್ನೊಂದು ಬರಿಯತ್ತೆ, ಸೆಕೆಂಡಿಗೆ ಅರವತ್ತು ಸಲ. ಮಧ್ಯದಲ್ಲಿ ಏನಾಯ್ತು ಅಂತ ಅದಕ್ಕೂ ಗೊತ್ತಿಲ್ಲ, ನಮ್ಗೂ ಗೊತ್ತಿಲ್ಲ. ನಾವೇ ಮನಸ್ನಲ್ಲಿ ಸೇರಿಸ್ಕೊಂಡು ಓಡ್ತಿದೆ ಅಂತೀವಿ. ನೀವು ಗೇಮ್ ಆಡ್ತೀರಾ? ಇಲ್ಲ ತಾನೆ? ಬರೀ ಸೀರಿಯಲ್ಲು, ನ್ಯೂಸು, ಕ್ರಿಕೆಟ್ಟು ಆದ್ರೆ ಅರವತ್ತೇ ಸಾಕು ಸಾರ್. ಚಾನೆಲ್‌ನವ್ರು ಕಳ್ಸೋ ಫೋಟೋನೇ ಅಷ್ಟಿರತ್ತೆ, ಸುಮ್ನೆ ದುಡ್ಡು ದಂಡ."

ಇಷ್ಟು ನೆಟ್ಟಗೆ ಮಾತಾಡಿದ ಮನುಷ್ಯನನ್ನು ನೋಡಿ ತಿಂಗಳುಗಳಾಗಿತ್ತು. ಸಿಟ್ಟು ಸ್ವಲ್ಪ ಇಳಿಯಿತು. ಅಷ್ಟರಲ್ಲಿ ವನಜಾ ಟಿವಿಯ ಕಾರಿನ ಕಡೆ ಬೆರಳು ತೋರಿಸಿ ನಕ್ಕಳು.

"ಇದೇನಪ್ಪ, ಕಾರು ಅಷ್ಟು ಜೋರಾಗಿ ಹೋಗ್ತಿದೆ, ಚಕ್ರ ನಿಂತೇ ಇದೆಯಲ್ಲ!"

ನೋಡಿದೆ. ಕಾರು ಗಾಳಿಯ ಹಾಗೆ ಹೋಗುತ್ತಿತ್ತು. ಚಕ್ರದ ಐದು ಕಡ್ಡಿಗಳೂ ಎಣಿಸುವ ಹಾಗೆ ಕಾಣುತ್ತಿದ್ದವು. ನಿಂತಿದ್ದವು. ಆಮೇಲೆ ಮೆಲ್ಲಗೆ ಹಿಂದಕ್ಕೆ ತಿರುಗತೊಡಗಿದವು.

"ಅದು ಹಂಗೇ ಮೇಡಂ," ಎಂದ ನಂದೀಶ್. "ಕ್ಯಾಮೆರಾ ಒಂದು ಫೋಟೋ ತೆಗೀತು. ಇನ್ನೊಂದು ತೆಗ್ಯೋ ಅಷ್ಟರಲ್ಲಿ ಈ ಕಡ್ಡಿ ಇದ್ದ ಜಾಗಕ್ಕೆ ಸರ್ಯಾಗಿ ಹಿಂದಿನ ಕಡ್ಡಿ ಬಂದು ಕೂತಿರತ್ತೆ. ಎರಡು ಫೋಟೋನೂ ಒಂದೇ ಥರ. ಅದಕ್ಕೇ ನಿಂತಂಗೆ ಕಾಣ್ಸೋದು."

ನಾನು ಅವನ ತೋಳು ಹಿಡಿದುಕೊಂಡೆ. "ಇದು ಕ್ಯಾಮೆರಾದಲ್ಲಿ ಮಾತ್ರನಾ? ಬರೀ ಕಣ್ಣಿಗೆ ಹಿಂಗೆ ಕಾಣ್ಸತ್ತಾ?"

"ಬರೀ ಕಣ್ಣಿಗಾ? ಬಿಸ್ಲಲ್ಲಿ ಕಾಣ್ಸಲ್ಲ ಸಾರ್. ಲೈಟು ಆರಿ ಆರಿ ಹತ್ತಿದ್ರೆ ಕಾಣ್ಸತ್ತೆ. ಕಳಪೆ ಟ್ಯೂಬ್ ಲೈಟಲ್ಲಿ."

"ಟ್ಯೂಬ್ ಲೈಟ್ ಎಲ್ಲಪ್ಪ ಆರತ್ತೆ? ಹತ್ಕೊಂಡೇ ಇರತ್ತಲ್ಲ!"

"ಬನ್ನಿ ತೋರಿಸ್ತೀನಿ."

ಹಿಂದಿನ ಗೋಡೌನಿಗೆ ಕರೆದುಕೊಂಡು ಹೋದ. ಅಲ್ಲಿ ಎರಡು ಉದ್ದನೆ ಎಲ್ಇಡಿ ಟ್ಯೂಬುಗಳು ಬೆಳ್ಳಗೆ ಉರಿಯುತ್ತಿದ್ದವು. ಮೊದಲು ಅಂಗಡಿಯ ಮುಂದುಗಡೆಯೂ ಇದೇ ಟ್ಯೂಬುಗಳಿದ್ದವಂತೆ. ಗಿರಾಕಿಗಳು ಮನೆಗೆ ವಿಡಿಯೋ ಕಾಲ್ ಮಾಡಿ ಟಿವಿ ತೋರಿಸಿದರೆ ಮೇಲೆಲ್ಲ ಕಪ್ಪು ಪಟ್ಟೆ ಓಡುತ್ತಿದ್ದವಂತೆ, ಟಿವಿ ಕೆಟ್ಟಿದೆ ಎಂದು ದಿನಾ ಜಗಳವಂತೆ. ಕೊನೆಗೆ ಕಳ್ಳ ಟಿವಿ ಅಲ್ಲ, ಟ್ಯೂಬು ಎಂದು ಇವನೇ ಪತ್ತೆ ಮಾಡಿ ಒಳ್ಳೆಯವನ್ನು ಹಾಕಿಸಿದನಂತೆ. ಫೋನಿನ ಕ್ಯಾಮೆರಾ ತೆಗೆದು ಟ್ಯೂಬಿನ ಕಡೆ ಹಿಡಿದ. ಪರದೆಯ ಮೇಲೆ ಕಪ್ಪು ಪಟ್ಟೆಗಳು ಒಂದರ ಹಿಂದೆ ಒಂದು ಸಾಲಾಗಿ ಇಳಿದು ಬಂದವು. ಬರೀ ಕಣ್ಣಲ್ಲಿ ನೋಡಿದರೆ ಟ್ಯೂಬು ತಣ್ಣಗೆ ಉರಿಯುತ್ತಿತ್ತು.

"ಇದು ಆರ್ತಾ ಇದೆ ಸಾರ್. ಕಣ್ಣಿಗೆ ಗೊತ್ತಾಗಲ್ಲ. ನಮ್ಮ ಕರೆಂಟು ಸೆಕೆಂಡಿಗೆ ಐವತ್ತು ಸಲ ಹೋಗಿ ಬರತ್ತೆ. ಹೋಗ್ವಾಗ ಒಂದ್ಸಲ, ಬರೋವಾಗ ಒಂದ್ಸಲ. ಸೆಕೆಂಡಿಗೆ ನೂರು ಸಲ ಆರಿ ಹತ್ತತ್ತೆ."

ನೂರು.

ನಾನು ಗೋಡೌನಿನ ರಟ್ಟಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. ನನ್ನ ಮೆಷಿನ್ನಿನ ತಲೆಯ ಮೇಲೆ ಅಲ್ಯುಮಿನಿಯಂ ಕೆಲಸಕ್ಕೆಂದು ನಾನೇ ಸೀಮೆಸುಣ್ಣದಲ್ಲಿ ಬರೆದಿದ್ದ ಸಂಖ್ಯೆ ಸಾವಿರದ ಐನೂರು. ನಿಮಿಷಕ್ಕೆ ಸಾವಿರದ ಐನೂರು ಸುತ್ತು ಎಂದರೆ ಸೆಕೆಂಡಿಗೆ ಇಪ್ಪತ್ತೈದು ಸುತ್ತು. ಚಕ್ಕಿಗೆ ದವಡೆ ನಾಲ್ಕು. ಇಪ್ಪತ್ತೈದು ನಾಲ್ಕಲಿ ನೂರು. ಬೆಳಕು ಒಂದು ಸಲ ಹತ್ತಿ ಇನ್ನೊಂದು ಸಲ ಹತ್ತುವಷ್ಟರಲ್ಲಿ ಒಂದು ದವಡೆಯ ಜಾಗಕ್ಕೆ ಇನ್ನೊಂದು ದವಡೆ. ಮತ್ತೆ ಬೆಳಕು, ಮತ್ತೆ ಅದೇ ಜಾಗ. ನನ್ನ ಕಣ್ಣು ಕೆಟ್ಟಿರಲಿಲ್ಲ. ತಲೆಯೂ ಕೆಟ್ಟಿರಲಿಲ್ಲ. ನಾನು ಕಂಡದ್ದು ನಿಜವಾಗಿಯೂ ಕಂಡದ್ದೇ.

ಆಗ ಬಂತು ನೋಡಿ ಸಿಟ್ಟು. ಹಳೇ ಟರ್ನರ್ ನರಸಿಂಹಯ್ಯನವರು ಇದ್ದಾಗ ಒಂದೊಂದು ಲೇತಿನ ಮೇಲೂ ಒಂದೊಂದು ಹಳದಿ ಬಲ್ಬು ತೂಗುಹಾಕಿರುತ್ತಿದ್ದರು, ತಂತಿ ಕೆಂಪಗೆ ಕಾಯುವ ಹಳೇ ಕಾಲದ ಬಲ್ಬು. ಮೇಲೆ ಎಷ್ಟು ಟ್ಯೂಬಿದ್ದರೂ ಸರಿ, ಬಲ್ಬು ಹತ್ತಿಸದೆ ಅವರು ಮೆಷಿನ್ ಮುಟ್ಟಿದವರಲ್ಲ. "ಮಿಷಿನ್ನಿಗೆ ಅದರ ದೀಪ ಇರ್ಬೇಕು ಕಣ್ರೋ," ಎನ್ನುತ್ತಿದ್ದರು. ಯಾಕೆ ಎಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಅದೇನೋ ಶಾಸ್ತ್ರ ಎಂದುಕೊಂಡು ಆಯುಧ ಪೂಜೆಯ ದಿನ ಬಲ್ಬಿಗೂ ಕುಂಕುಮ ಹಚ್ಚುತ್ತಿದ್ದೆವು. ಈಗ ಹೊಳೆಯಿತು: ಕಾದ ತಂತಿ ಸೆಕೆಂಡಿಗೆ ನೂರು ಸಲ ಆರಿ ಹತ್ತುವುದಿಲ್ಲ, ಆರುವಷ್ಟರಲ್ಲಿ ಮತ್ತೆ ಕಾಯುತ್ತದೆ. ಅದರ ಬೆಳಕಿನಲ್ಲಿ ತಿರುಗುವುದು ತಿರುಗಿದಂತೆಯೇ ಕಾಣುತ್ತದೆ. ಹೋದ ವರ್ಷ ಶಿವರಾಜ್ ಅಗ್ಗದ ಎಲ್ಇಡಿ ಟ್ಯೂಬು ಹಾಕಿಸಿ, ಕರೆಂಟ್ ದಂಡ ಎಂದು ಆ ಬಲ್ಬುಗಳನ್ನೆಲ್ಲ ಬಿಚ್ಚಿಸಿದ. ನನ್ನ ಮೆಷಿನ್ನಿನದನ್ನು ಬಿಚ್ಚಿದವನು ನಾನೇ. ಮುದುಕನ ಮೂಢನಂಬಿಕೆ ಎಂದು ನಗುತ್ತ ಬಿಚ್ಚಿದ್ದೆ. ಥೂ ನನ್ನ ಜನ್ಮಕ್ಕಿಷ್ಟು.

ವನಜಾಗೆ ಹೇಳಿದೆ. ಬೆರಳು ಎಣಿಸಿ ಹೇಳಿದೆ, ಇದ್ದಷ್ಟು ಬೆರಳಲ್ಲೇ. ಅವಳು ಪೂರ್ತಿ ಕೇಳಿಸಿಕೊಂಡಳು. ಕೇಳಿಸಿಕೊಂಡು ಏನಂದಳು ಗೊತ್ತೇ?

"ಟಿವಿ ತಗೊಳ್ಳೋಕೆ ಬಂದು ಇದೇನ್ರೀ ಹೊಸಾದು? ಮೊಬೈಲ್ ನೋಡಿದ್ದನ್ನ ಮುಚ್ಚೋಕೆ ಈಗ ಟ್ಯೂಬ್ ಲೈಟ್ ಮೇಲೆ ಹಾಕ್ತಿದೀರಾ? ಆಗಿದ್ದು ಆಯ್ತು, ನಾನೇನು ನಿಮ್ಮನ್ನ ಬಿಟ್ಟೋದ್ನಾ? ಅನ್ನ ಹಾಕ್ತಿಲ್ವಾ?"

"ನಿನ್ ಅನ್ನ ಯಾವನಿಗೆ ಬೇಕೇ!" ಎಂದು ಕಿರುಚಿದೆ. ಗೋಡೌನಿನ ಹೊರಗೆ ಗಿರಾಕಿಗಳು ತಿರುಗಿ ನೋಡಿದರು. "ನಾನು ಸುಳ್ಳು ಹೇಳಲ್ಲ ಅಂತ ಒಂದು ಮಾತು ಬೇಕು. ನಾಲ್ಕು ತಿಂಗಳಿಂದ ಒಂದೇ ಒಂದು ಮಾತು. ನಡಿ."

"ಎಲ್ಲಿಗೆ?"

"ಶೆಡ್ಡಿಗೆ. ಕಣ್ಣಾರೆ ನೋಡೋವಂತೆ ನಡಿ."

ಆಟೋ ಹತ್ತಿದೆವು. ಅವಳು ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ಹೊರಗೆ ನೋಡುತ್ತಿದ್ದಳು. ಜಾಲಹಳ್ಳಿ ಕ್ರಾಸಿನ ಸಿಗ್ನಲ್ಲಿನಲ್ಲಿ ಒಂದು ಸಲ ನನ್ನ ಬಲಗೈ ಕಡೆ ನೋಡಿ ಮುಖ ತಿರುಗಿಸಿದಳು. ಆ ಕೈಯನ್ನು ಅವಳು ದಿನಾ ತೊಳೆದು ಎಣ್ಣೆ ಹಚ್ಚುತ್ತಾಳೆ, ಅದು ಬೇರೆ ಮಾತು. ಎಣ್ಣೆ ಹಚ್ಚುವಾಗಲೂ ಮನಸ್ಸಿನಲ್ಲಿ ಇವನದೇ ತಪ್ಪು ಎಂದುಕೊಂಡೇ ಹಚ್ಚುತ್ತಿದ್ದಳಲ್ಲ, ಅದು ನನ್ನನ್ನು ಸುಡುತ್ತಿತ್ತು.

ಆರ್ಡರ್ ಜಾಸ್ತಿ ಇದ್ದುದರಿಂದ ಶೆಡ್ಡು ಭಾನುವಾರವೂ ಓಡುತ್ತಿತ್ತು. ನನ್ನ ಮೆಷಿನ್ನಿನ ಮುಂದೆ ಬಸಲಿಂಗ ನಿಂತಿದ್ದ. ಮುದ್ದೇಬಿಹಾಳದ ಕಡೆಯವನು, ನಾನೇ ಕೆಲಸ ಕಲಿಸಿದವನು. ನನ್ನ ಜಾಗಕ್ಕೆ ಅವನನ್ನು ನಿಲ್ಲಿಸಿದ್ದರು. ನನ್ನನ್ನು ನೋಡಿ ಕೈ ಒರೆಸಿಕೊಂಡು ಓಡಿಬಂದ.

"ಅಣ್ಣಾರ, ಬರ್ರಿ ಬರ್ರಿ. ವೈನಿ, ಆರಾಮಿದ್ದೀರಿ? ಚಾ ತರಸ್ಲೇನ್ರಿ?"

"ಚಾ ಬ್ಯಾಡ ಬಸಲಿಂಗ. ಸೀಮೆಸುಣ್ಣದಲ್ಲಿ ನಾನ್ ಬರ್ದಿದ್ ಸ್ಪೀಡಲ್ಲೇ ಓಡಿಸ್ತಿದೀಯಾ?"

"ಹೌದ್ರಿ. ಅದರಾಗ ಫಿನಿಶ್ ಭಾಳ ಚಲೋ ಬರ್ತೈತ್ರಿ."

"ಹಂಗಾದ್ರೆ ಶಟರ್ ಇಳ್ಸು."

ಅವನು ಯಾಕೆ ಎಂದು ಕೇಳಲಿಲ್ಲ. ಶಟರ್ ಗಡಗಡ ಎಂದು ನೆಲಕ್ಕೆ ಬಂತು. ಬಿಸಿಲು ಹೊರಗೆ ಉಳಿಯಿತು. ಮೇಲಿನ ಟ್ಯೂಬುಗಳು ಬೆಳ್ಳಗೆ ಉರಿಯುತ್ತಿದ್ದವು. ಪಕ್ಕದ ನಾಲ್ಕು ಮೆಷಿನ್ನುಗಳ ಸದ್ದು, ಅದರ ಮೇಲೆ ಕಂಪ್ರೆಸರಿನ ಸದ್ದು, ಯಾವ ಮೋಟರ್ ಓಡುತ್ತಿದೆ ಯಾವುದು ನಿಂತಿದೆ ಎಂದು ಕಿವಿಗೆ ಗೊತ್ತಾಗುವಂತಿರಲಿಲ್ಲ. ನನ್ನ ಮೆಷಿನ್ನಿಗೆ ಮಾತ್ರ, ನನ್ನ ಬೆರಳು ಹೋಗುವ ಮೊದಲೇ, ಹೊಸ ಡ್ರೈವ್ ಹಾಕಿಸಿದ್ದರು, ಸ್ಪೀಡು ಹೆಚ್ಚುಕಡಿಮೆ ಮಾಡುವ ಒಂದು ಪೆಟ್ಟಿಗೆ. ಅದು ಬಂದ ಮೇಲೆ ಮೆಷಿನ್ನು ಮೊದಲಿನ ಹಾಗೆ ಕೂಗುವುದೂ ಇಲ್ಲ, ಕರೆಂಟ್ ಕಣ್ಣು ಮಿಟುಕಿಸಿದರೆ ನಿಲ್ಲುವುದೂ ಇಲ್ಲ.

"ವನಜಾ, ಅಲ್ಲೇ ನಿಂತ್ಕೊ. ಕೈ ಕಟ್ಕೊ. ಏನೇ ಆದ್ರೂ ಬಿಚ್ಬೇಡ," ಎಂದೆ. ಎಡಗೈಯಲ್ಲಿ ಸ್ವಿಚ್ ಒತ್ತಿದೆ.

ಚಕ್ಕು ತಿರುಗಿತು. ದವಡೆಗಳು ಕಂಡವು, ಓಡಿದವು, ಮಬ್ಬಾದವು. ಡ್ರೈವಿನ ಗುಂಡಿಯನ್ನು ಮೆಲ್ಲಗೆ ಮೇಲಕ್ಕೆ ತಿರುಗಿಸುತ್ತ ಹೋದೆ. ಸಾವಿರದ ಮುನ್ನೂರು. ಸಾವಿರದ ನಾನ್ನೂರು. ಮಬ್ಬಿನೊಳಗಿಂದ ಏನೋ ಹುಟ್ಟಿದ ಹಾಗೆ ದವಡೆಗಳು ಹೊರಗೆ ಬಂದವು. ಅಂಚು ಸ್ವಲ್ಪ ಮಸುಕು, ಆದರೆ ನಾಲ್ಕೂ ಕಾಣುತ್ತಿದ್ದವು. ಮೊದಲು ಬೇಗ ಬೇಗ ಹಿಂದಕ್ಕೆ ತಿರುಗಿದವು, ಆಮೇಲೆ ಮೆಲ್ಲಗೆ, ಇನ್ನೂ ಮೆಲ್ಲಗೆ. ಪೆಟ್ಟಿಗೆಯ ಮೇಲೆ ಸಾವಿರದ ಐನೂರು ಎಂದು ಬಂದಾಗ ನಿಂತುಬಿಟ್ಟವು.

"ನಿಲ್ಸಿದ್ರಾ?" ಎಂದಳು ವನಜಾ.

ನಾನು ನೆಲದಲ್ಲಿ ಬಿದ್ದಿದ್ದ ಒಂದು ಹಳೇ ಬಟ್ಟೆಯ ಚೂರನ್ನು ಚಕ್ಕಿನ ಕಡೆ ಎಸೆದೆ. ಪಟ್ ಎಂದಿತು. ಬಟ್ಟೆ ಚಿಂದಿಯಾಗಿ ಗೋಡೆಗೆ ಹೋಗಿ ಬಡಿಯಿತು. ದವಡೆಗಳು ಇದ್ದ ಹಾಗೇ ನಿಂತಿದ್ದವು. ವನಜಾಳ ಬಾಯಿಂದ ಅಯ್ಯೋ ಎಂದು ಬಂತು. ಬಸಲಿಂಗ ಎರಡು ಹೆಜ್ಜೆ ಹಿಂದೆ ಸರಿದು ತನ್ನ ಕೈಗಳನ್ನೇ ನೋಡಿಕೊಂಡ.

ಅಷ್ಟರಲ್ಲಿ ಪಕ್ಕದ ಬಾಗಿಲು ದಬಾರನೆ ತೆರೆಯಿತು. ಶಿವರಾಜ್.

"ಶಟರ್ ಯಾರೋ ಇಳ್ಸಿದ್ದು? ಓಹೋ, ದೊಡ್ಡ ಮನುಷ್ಯರು ಬಂದಿದಾರೆ! ಹೆಂಡ್ತೀನೂ ಕರ್ಕೊಂಡು ಬಂದಿದೀಯಾ? ಏನು, ಧರಣಿನಾ?" ಎನ್ನುತ್ತ ನೇರವಾಗಿ ನಮ್ಮ ಕಡೆ ಬಂದ. ಕಣ್ಣು ಮೆಷಿನ್ನಿನ ಮೇಲೆ ಬಿತ್ತು. "ಅರ್ಜೆಂಟ್ ಕೆಲಸ ಇದೆ, ಮೆಷಿನ್ ನಿಲ್ಲಿಸ್ಕೊಂಡು ಹರಟೆ ಹೊಡೀತಿದೀರೇನ್ರೋ? ಲೋ ಬಸಲಿಂಗ, ಈ ಪೀಸ್ ಆಗಿಲ್ವೇನೋ ಇನ್ನೂ?"

ಹಾಗೆ ಹೇಳುತ್ತ, ಪೀಸ್ ಎಷ್ಟಾಗಿದೆ ಎಂದು ಮುಟ್ಟಿ ನೋಡಲು ಚಕ್ಕಿಗೆ ಕೈ ಚಾಚಿದ.

ಸುಳ್ಳು ಯಾಕೆ ಹೇಳಲಿ. ಒಂದು ಕ್ಷಣ ನಾನು ಸುಮ್ಮನಿದ್ದೆ. ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡ ಕೈ ಅದು. ಹೋಗಲಿ, ಎಂದಿತು ಹೊಟ್ಟೆಯೊಳಗಿನ ಬೆಂಕಿ. ಹೋಗಲಿ, ನಾಲ್ಕು ತಿಂಗಳು ಇವನೂ ಎಡಗೈಯಲ್ಲಿ ಉಣ್ಣಲಿ. ಮರುಕ್ಷಣ ನನ್ನ ಬಲಗೈ ತಾನಾಗಿಯೇ ಹಾರಿ ಅವನ ಮಣಿಕಟ್ಟು ಹಿಡಿಯಿತು. ಹೆಬ್ಬೆರಳು ಮತ್ತು ಉಳಿದೆರಡು ಬೆರಳಿನಲ್ಲಿ ಹಿಡಿತ ಸಾಲದೆ ಜಾರಿತು. ಭುಜ ಕೊಟ್ಟು ಅವನನ್ನು ದೂಡಿದೆ. ಅವನು ಎಣ್ಣೆ ಡ್ರಮ್ಮಿನ ಮೇಲೆ ಬಿದ್ದ. ಅವನ ಅಂಗಿಯ ತೋಳಿನ ಗುಂಡಿ ಚಕ್ಕಿಗೆ ತಾಗಿ ಚಟ್ ಎಂದು ಸಿಡಿದು ಎಲ್ಲೋ ಹೋಯಿತು.

"ಹೊಡೀತೀಯೇನೋ!" ಎಂದು ಎದ್ದ. ಎದ್ದವನು ತೋಳು ನೋಡಿಕೊಂಡ. ಹರಿದ ತೋಳು, ಹೋದ ಗುಂಡಿ. ನಿಂತಿದ್ದ ಚಕ್ಕಿನ ಕಡೆ ನೋಡಿದ. ಬಸಲಿಂಗ ಹೋಗಿ ಕೆಂಪು ಗುಂಡಿ ಒತ್ತಿದ. ನಿಂತಿದ್ದ ಚಕ್ಕು ತಿರುಗತೊಡಗಿತು, ಮಬ್ಬಾಯಿತು, ಮತ್ತೆ ದವಡೆ ಕಂಡಿತು, ಮತ್ತೆ ತಿರುಗಿತು, ಬಹಳ ಹೊತ್ತಿನ ಮೇಲೆ ನಿಜವಾಗಿ ನಿಂತಿತು.

ವನಜಾ ಕಟ್ಟಿದ್ದ ಕೈ ಬಿಚ್ಚಿ ಮುಂದೆ ಬಂದಳು. ಹತ್ತೊಂಬತ್ತು ವರ್ಷದಲ್ಲಿ ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿಲ್ಲ.

"ಸಾರ್, ನೀವು ಮೊಬೈಲ್ ನೋಡ್ತಾ ಇದ್ರಾ?"

ಶಿವರಾಜ್ ಹರಿದ ತೋಳನ್ನು ಮಡಚಿಕೊಂಡ. "ನೋಡಮ್ಮಾ... ಮುನೀಂದ್ರ, ನಾಳೆ ಬಾ. ಯಜಮಾನ್ರ ಹತ್ರ ಕೂತು ಮಾತಾಡೋಣ."

"ಮಾತು ಬ್ಯಾಡ," ಎಂದಳು. "ಅವತ್ತು ಬರ್ದಿದ್ದು ಆ ಕೈಯಲ್ಲೇ ಅಲ್ವಾ? ಅದು ಇನ್ನೂ ಇದೆಯಲ್ಲ ನಿಮ್ಗೆ. ಈಗ್ಲೇ ಬರೀರಿ."

"ಬರೀರಿ ಸಾಹೇಬ್ರ," ಎಂದ ಬಸಲಿಂಗ. "ಅಲ್ಲೀತನಕ ನಾ ಈ ಮಷಿನ್ ಮುಟ್ಟಂಗಿಲ್ರಿ." ಪಕ್ಕದ ಮೆಷಿನ್ನಿನವರೂ ಒಬ್ಬೊಬ್ಬರಾಗಿ ಬಂದು ನಿಂತರು. ಒಂದೊಂದಾಗಿ ಮೋಟರುಗಳು ಬಂದಾದವು.

ಮೇಜಿನ ಮೇಲಿದ್ದ ರಿಜಿಸ್ಟರಿನಲ್ಲಿ ಅವನು ಬರೆದ. ಟ್ಯೂಬ್ ಲೈಟಿನಿಂದಾಗಿ ತಿರುಗುವ ಚಕ್ ನಿಂತಂತೆ ಕಾಣುತ್ತದೆ ಎಂದು ಈ ದಿನ ನಾನೇ ಕಂಡಿದ್ದೇನೆ, ಮುನೀಂದ್ರನು ಮೊಬೈಲ್ ನೋಡುತ್ತಿದ್ದನೆಂದು ನಾನು ಹಿಂದೆ ಬರೆದದ್ದು ನೋಡದೆ ಬರೆದದ್ದು. ಅಕ್ಷರ ಗೀಚಿದ ಹಾಗಿತ್ತು. ವನಜಾ ಪ್ರತಿ ಪದವನ್ನೂ ಗಟ್ಟಿಯಾಗಿ ಓದಿ, ಸಹಿ ಹಾಕಿಸಿ, ಫೋಟೋ ತೆಗೆದುಕೊಂಡಳು.

ಹೊರಗೆ ಬಂದೆವು. ಬಿಸಿಲು ಕಣ್ಣಿಗೆ ಹೊಡೆಯಿತು. ಹೆಸರು ವಾಪಸ್ಸು ಬಂದಿತ್ತು, ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ಬಸ್ ಸ್ಟಾಪಿನ ತನಕ ವನಜಾ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಲೇ ನಡೆದಳು. ಅಲ್ಲಿ ನಿಂತು ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ತಪ್ಪಾಯ್ತು ಕಣ್ರೀ. ಈಗ ನಂಬ್ತೀನಿ. ಇನ್ಯಾವತ್ತೂ ಅನ್ನಲ್ಲ."

ಹೋಗಲಿ ಬಿಡು ಎನ್ನಬೇಕು ಎಂದು ನನಗೂ ಅನ್ನಿಸಿತು. ಬಾಯಿಗೆ ಬಂದದ್ದು ಬೇರೆ.

"ಅವನ ಕೈ ಹೋಗೋದ್ರಲ್ಲಿತ್ತು, ಅದನ್ನ ನೋಡಿ ನೀನು ನಂಬ್ದೆ," ಎಂದೆ. "ನನ್ನದು ಹೋಗೇಬಿಟ್ಟಿತ್ತಲ್ಲೇ ವನಜಾ."